ಮೂವತ್ತು ವ್ಯಾಟಿನ ಆಯಸ್ಸು

ದನಿಯಷ್ಟು ಅಲ್ಪಾಯುಷಿ ಇನ್ನೊಂದಿಲ್ಲ. ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ, ಬರಹ ಕಾಗದದಲ್ಲಿ. ಮಾತು ಮಾತ್ರ ಆಡಿ ಮುಗಿಸುವಷ್ಟರಲ್ಲಿ ಇಲ್ಲವಾಗಿರುತ್ತದೆ. ಅದನ್ನೇ ನೆಚ್ಚಿಕೊಂಡು ಸಂಸ್ಥೆ ಕಟ್ಟಲು ಹೊರಟವರ ಎದೆಗಾರಿಕೆ ದೊಡ್ಡದು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಟ್ರಾನ್ಸ್‌ಮಿಟರಿನ ಶಕ್ತಿ ಬರೀ 30 ವ್ಯಾಟ್, ಅಂದರೆ ನಡುಮನೆಯ 40ರ ಬಲ್ಬಿಗಿಂತ ಕಡಿಮೆ. ಟೇಪ್‌ ರೆಕಾರ್ಡರ್ ಆಗಿನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಗ್ರಾಮಫೋನ್ ತಟ್ಟೆ ಬಿಟ್ಟರೆ ಮಿಕ್ಕದ್ದೆಲ್ಲ ನೇರ ಪ್ರಸಾರ. ಹಾಡುವವರು ಕೆಮ್ಮಿದರೆ ಕೆಮ್ಮೂ ಮನೆಮನೆಗೆ ಹೋಗುತ್ತಿತ್ತು. ಹಾಡು ಮುಗಿದರೆ ಮುಗಿಯಿತು, ಮತ್ತೆ ಕೇಳಿಸಿ ಎನ್ನುವಂತಿರಲಿಲ್ಲ.

ವಚನಕಾರರು ಸ್ಥಾವರ ಅಳಿಯುವುದನ್ನು ಕಂಡವರು, ಜಂಗಮವನ್ನು ನಂಬಿದವರು. ಬಾನುಲಿಯಲ್ಲಿ ಆ ಲೆಕ್ಕ ತಿರುಗುಮುರುಗಾದಂತೆ ತೋರುತ್ತದೆ. ಇಲ್ಲಿ ಚಲಿಸುವ ದನಿಯೇ ಮೊದಲು ಅಳಿಯಿತು, ಮನೆ ಕಂಬಗಳು ಆಮೇಲೂ ನಿಂತಿದ್ದವು. ಹಾಗಾದರೆ ಜಂಗಮವಾದದ್ದು ಯಾವುದು? ಕೈಯಿಂದ ಕೈಗೆ ದಾಟಿದ ಕೆಲಸ.

ಆ ಕಾಲದಲ್ಲಿ ಹುಟ್ಟಿದ ರೇಡಿಯೋಗಳೆಲ್ಲ ಬಾಳಲಿಲ್ಲ. 1924ರ ಮದರಾಸು ರೇಡಿಯೋ ಕ್ಲಬ್ ಹಣವಿಲ್ಲದೆ 1927ರಲ್ಲಿ ನಿಂತಿತು. 1927ರಲ್ಲಿ ಹುಟ್ಟಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1930ಕ್ಕೇ ಬಾಗಿಲು ಹಾಕಿತು. ಗೋಪಾಲಸ್ವಾಮಿಯವರ ನಿಲಯವೂ ಒಬ್ಬರ ಜೇಬಿನಿಂದ ಬಹಳ ಕಾಲ ನಡೆಯುವಂಥದ್ದಾಗಿರಲಿಲ್ಲ. 1940ರ ದಶಕದ ಆರಂಭದಲ್ಲಿ ನಿಲಯ ಮೈಸೂರು ಸಂಸ್ಥಾನದ ಕೈಸೇರಿತು, 1950ರಲ್ಲಿ ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೋಗೆ. ‘ಆಕಾಶವಾಣಿ’ ಎಂಬ ಮೈಸೂರು ನಿಲಯದ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು.

ದಾಟಿಸುವುದು ಪುಕ್ಕಟೆಯ ವ್ಯವಹಾರವಲ್ಲ. 1955ರಲ್ಲಿ ನಿಲಯವೇ ಬೆಂಗಳೂರಿಗೆ ಎದ್ದುಹೋಯಿತು. ಹಡೆದ ಊರಿಗೆ ತನ್ನದೇ ದನಿ ಇಲ್ಲದೆ ಹತ್ತೊಂಬತ್ತು ವರ್ಷ ಕಳೆಯಿತು. 1974ರಲ್ಲಿ ಮೈಸೂರಿಗೆ ಮರಳಿ ನಿಲಯ ಬಂತು, ಅದೂ ಯಾದವಗಿರಿಯಲ್ಲಿ, ಹಳೆಯ ಮನೆಗೆ ಕೂಗಳತೆಯಲ್ಲಿ. ಬಂದದ್ದು ಹಳೆಯ ನಿಲಯವಲ್ಲ. ಯಂತ್ರ ಬೇರೆ, ಜನ ಬೇರೆ, ಹುಕುಂ ಬರುವುದು ದೆಹಲಿಯಿಂದ. ಆದರೂ ಮೈಸೂರಿನವರು ಅದನ್ನು ನಮ್ಮದೇ ಎಂದರು. ಹಾಗೆ ಅನ್ನುವುದರಲ್ಲಿ ತಪ್ಪೂ ಇರಲಿಲ್ಲ.

ಅನಿತ್ಯದ ಮಾತು ಬಂದಾಗ ನಾವು ಸಾಮಾನ್ಯವಾಗಿ ಕಳೆದುಕೊಂಡದ್ದರ ಪಟ್ಟಿ ಮಾಡುತ್ತೇವೆ. ವಾಲ್ವ್ ರೇಡಿಯೋ ಹೋಯಿತು, ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟುತ್ತಿದ್ದ ರೇಡಿಯೋ ಲೈಸೆನ್ಸು ಹೋಯಿತು, ಮೀಡಿಯಂ ವೇವ್ ಹೋಗುತ್ತಲಿದೆ. ಹೋಗಲಿ. ಹೋಗುವುದು ತಪ್ಪಲ್ಲ, ಯಾರಿಗೂ ಒಪ್ಪಿಸದೆ ಹೋಗುವುದು ತಪ್ಪು. ಸಣ್ಣ ಊರುಗಳಲ್ಲಿ ಇಂದು ಬಾನುಲಿ ನಡೆಸುತ್ತಿರುವ ಹಿರಿಯರಿಗೆ ಹೇಳಬೇಕಾದದ್ದು ಇಷ್ಟೇ: ಮೈಕಿನ ಮುಂದೆ ಎಳೆಯರನ್ನು ಈಗಲೇ ಕೂರಿಸಿ, ನಿಮ್ಮ ನಿವೃತ್ತಿಯ ದಿನದವರೆಗೆ ಕಾಯಬೇಡಿ.