ನೋವಿಲ್ಲದ ತೊಗಲು

ಸತ್ತ ಪ್ರಾಣಿಯ ತೊಗಲಿಗೆ ನೋವಿಲ್ಲ. ಕುಯ್ದರೂ ಇಲ್ಲ, ಹೆರೆದರೂ ಇಲ್ಲ. ಹಾಗಿದ್ದ ಮೇಲೆ ಅದನ್ನು ನಾಜೂಕಾಗಿ ಹೆರೆಯಬೇಕೆಂಬುದು ಬರಿಯ ಕಸುಬಿನ ಮಾತೆ, ಅಥವಾ ಅದರಲ್ಲಿ ಧರ್ಮದ ಮಾತೂ ಸೇರಿದೆಯೆ? ಈ ಪ್ರಶ್ನೆ ನನಗೆ ಹುಟ್ಟಿದ್ದು ಪುಸ್ತಕ ಓದುವಾಗ ಅಲ್ಲ, ಒಂದು ಯಂತ್ರದ ಮುಂದೆ ನಿಂತಾಗ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿರುವ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆ. ಅವರ ನೆರೆಯವರದು ಜಿಂಕೆ ಕರಡಿಗಳ ತೊಗಲನ್ನು ಹದಮಾಡಿ, ಅಚ್ಚಿನ ಮೇಲೆ ತೊಡಿಸಿ, ಬದುಕಿದ್ದಂತೆ ನಿಲ್ಲಿಸುವ ಕಸುಬು. ತೊಗಲಿಗಂಟಿದ ಮಾಂಸ ಕೊಬ್ಬುಗಳನ್ನು ತೆಗೆದು ಉಪ್ಪು ಸವರಿ, ಆಮೇಲೆ ಉಪ್ಪು ಆಮ್ಲಗಳ ನೀರಿನಲ್ಲಿ ಕೆಲವು ದಿನ ನೆನೆಯಿಟ್ಟರೆ ಅದು ಬಿಳುಪೇರಿ ಗಟ್ಟಿಯಾಗುತ್ತದೆ. ಆಗ ಅದನ್ನು ತೆಳ್ಳಗೆ ಹೆರೆಯಬೇಕು. ಅದಕ್ಕೊಂದು ಯಂತ್ರ: ಊಟದ ತಟ್ಟೆಯಷ್ಟು ಅಗಲದ ಉಕ್ಕಿನ ಚಕ್ರ, ಅದನ್ನು ತಿರುಗಿಸಲು ಮೋಟಾರು, ಅಂಚಿಗೆ ಒಂದು ಕಾಪುಪಟ್ಟಿ. ಪಟ್ಟಿಯನ್ನು ಎಷ್ಟು ಸರಿಸಿದರೆ ಅಲಗು ಅಷ್ಟೇ ಹೊರಗೆ ಕಾಣುತ್ತದೆ. ನಮ್ಮ ಈಳಿಗೆಮಣೆಯ ಜಾತಿಯೇ ಅದು. ಅಲಗು ತನ್ನ ಜಾಗ ಬಿಟ್ಟು ಬರುವುದಿಲ್ಲ. ತೊಗಲನ್ನು ಎರಡು ಕೈಯಲ್ಲಿ ಬಿಗಿಹಿಡಿದು ನಾವೇ ಅದರ ಬಳಿಗೆ ಒಯ್ಯಬೇಕು.

ಹೆರೆಯುವುದಕ್ಕಿಂತ ಸಾಣೆ ಹಿಡಿಯುವುದೇ ನನಗೆ ಹೆಚ್ಚಿನ ಸೋಜಿಗವೆನಿಸಿತು. ಚಕ್ರ ತಿರುಗುತ್ತಿರುವಾಗಲೇ ಸಾಣೆಕಲ್ಲನ್ನು ಒತ್ತಿ ಅಂಚನ್ನು ಚೂಪು ಮಾಡುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ಅಲಗು ಹೆರೆಯುವುದಿಲ್ಲ. ತೊಗಲಿನೊಳಕ್ಕೆ ನುಗ್ಗಿ ತೂತುಮಾಡುತ್ತದೆ. ಆದ್ದರಿಂದ ನುಣುಪಾದ ಉಕ್ಕಿನ ಸರಳೊಂದನ್ನು ಒಳಗಿನಿಂದ ಒತ್ತಿ, ಮತ್ತೊಂದನ್ನು ಹೊರಗಿನಿಂದ ಒತ್ತಿ, ಆ ಚೂಪಿನ ಬಾಯನ್ನು ಕೂದಲೆಳೆಯಷ್ಟು ಮಡಿಸುತ್ತಾರೆ. ಕೆಲಸ ಮಾಡುವುದು ಆ ಮಡಿಕೆ. ಮರವನ್ನು ನುಣ್ಣಗೆ ಹೆರೆಯುವ ತಗಡಿನ ಅಂಚನ್ನು ಬಡಗಿಗಳು ಮಡಿಸುವುದೂ ಹೀಗೆಯೇ. ಇನ್ನು ಮೊಂಡಾದ ಅಲಗು ಸಾಧುವೆಂದು ಯಾರೂ ನಂಬಬಾರದು. ಅಲಗು ಮೊಂಡಾದರೆ ಕೈ ಒತ್ತುತ್ತದೆ. ಕೈ ಒತ್ತಿದರೆ ತೊಗಲು ಸುಕ್ಕಾಗಿ ಅಲಗಿಗೆ ಸಿಕ್ಕಿ ಹರಿಯುತ್ತದೆ, ಕೆಲವೊಮ್ಮೆ ಬೆರಳೂ.

ಎಷ್ಟು ಹೆರೆಯಬೇಕು? ದಪ್ಪ ಉಳಿದರೆ ಹದಮಾಡುವ ಮದ್ದು ಒಳಗಿಳಿಯದೆ ಒಂದು ದಿನ ಕೂದಲು ಉದುರುತ್ತದೆ. ಹೆಚ್ಚು ಹೆರೆದರೂ ಕೂದಲು ಉದುರುತ್ತದೆ, ಏಕೆಂದರೆ ಅದರ ಬೇರು ತೊಗಲಿನೊಳಗೇ ಇದೆ. ಹಿಂದಿನಿಂದ ಬಂದ ಅಲಗು ಅದನ್ನು ಕೊಯ್ದುಬಿಡುತ್ತದೆ. ಈ ಎರಡರ ನಡುವೆ ಇರುವ ಜಾಗ ಬಹಳ ಕಿರಿದು. ಕನ್ನಡದಲ್ಲಿ ಅದಕ್ಕೆ ಹದ ಎಂಬ ಒಂದೇ ಮಾತು ಸಾಕು. ಮಳೆ ಬಿದ್ದ ಹೊಲಕ್ಕೂ ಬೆಲ್ಲದ ಪಾಕಕ್ಕೂ ಕುಲುಮೆಯ ಉಕ್ಕಿಗೂ ತೊಗಲಿಗೂ ನಾವು ಬಳಸುವುದು ಆ ಮಾತನ್ನೇ.

ಆದರೆ ಈ ಹದ ಯಾರಿಗಾಗಿ? ಪ್ರಾಣಿಗಾಗಿ ಎನ್ನುವುದು ಸುಳ್ಳು. ಅದಕ್ಕೆ ಆಗಬೇಕಾದುದೆಲ್ಲ ಆಗಿಹೋಗಿದೆ. ಗಿರಾಕಿಗಾಗಿ ಎಂದರೆ ಮಾತು ಅರ್ಧ ನಿಜ. ನನಗೆ ತೋರುವುದು ಹೀಗೆ: ಕೆಟ್ಟದಾಗಿ ಹೆರೆದ ತೊಗಲು ಒಣಗಿದಾಗ ಸೆಳೆದುಕೊಂಡು ಕಿವಿಯನ್ನು ಮುರುಟಿಸುತ್ತದೆ, ರೆಪ್ಪೆಯನ್ನು ಎಳೆಯುತ್ತದೆ, ತುಟಿಯನ್ನು ಸೊಟ್ಟಮಾಡುತ್ತದೆ. ಅಂದರೆ ಆ ಪ್ರಾಣಿ ಎಂದೂ ಇರದಿದ್ದ ರೂಪದಲ್ಲಿ ಅದನ್ನು ನಿಲ್ಲಿಸಿದಂತಾಯಿತು. ಮಾತಾಡಲಾರದವರ ಬಗ್ಗೆ ಸುಳ್ಳು ಹೇಳಬಾರದೆಂಬ ಕಟ್ಟಳೆಯೊಂದಿದೆಯಷ್ಟೆ. ಕೈಯ ನಾಜೂಕು ಆ ಕಟ್ಟಳೆಗೆ ಸೇರಿದ್ದು.

ಹೀಗೆಂದು ನೆಮ್ಮದಿಯಿಂದ ಕೂಡುವಂತಿಲ್ಲ, ಏಕೆಂದರೆ ನಾನು ಮೈಸೂರಿನ ಕಡೆಯವನು. ಯುಜೀನ್ ವ್ಯಾನ್ ಇಂಗೆನ್ ಅಲ್ಲಿ ಕಟ್ಟಿದ, ಅವರ ಮಕ್ಕಳು ಬೆಳೆಸಿದ ವ್ಯಾನ್ ಇಂಗೆನ್ ಕಾರ್ಖಾನೆ ಸುಮಾರು 1900ರಿಂದ 1999ರವರೆಗೆ ನಡೆಯಿತು. ಅದರ ಕೈದಾಟಿ ಹೋದ ಹುಲಿ ಚಿರತೆಗಳು 43,000ಕ್ಕೂ ಹೆಚ್ಚೆಂದು ಲೆಕ್ಕ. ಯಂತ್ರವೋ ಕೈಗತ್ತಿಯೋ, ಹೆರೆಯುವ ಕೆಲಸ ಯಾವ ಹುಲಿಗೂ ತಪ್ಪಿದ್ದಲ್ಲ. ಅದು ಜಗತ್ತಿನ ಅತ್ಯುತ್ತಮ ಕೆಲಸವೆಂದು ಹೆಸರು ಪಡೆಯಿತು; ಆ ಹೆಸರಿಗೆ ಕುಂದು ತರುವ ಮನಸ್ಸು ನನಗಿಲ್ಲ. ಕೇಳಬೇಕಾದುದು ಬೇರೆ. ಇಷ್ಟು ಚೆನ್ನಾಗಿ ಮಾಡಿಕೊಡುವವರು ಇರುವುದರಿಂದಲೇ ಬಂದೂಕಿನವರ ಆಸೆ ಬೆಳೆಯಲಿಲ್ಲವೆ? ನಾಲ್ಕು ವರ್ಷಕ್ಕೆ ಕೂದಲುದುರಿ ನಾರುವ ಹುಲಿಯನ್ನು ಗೋಡೆಗೆ ಏರಿಸಲು ಯಾವ ದೊರೆ ಮಚಾನು ಹತ್ತುತ್ತಿದ್ದ?

ಬಾಯಿ ತೆರೆದು ಹಲ್ಲು ಕಿರಿದ ಆ ತಲೆಗಳನ್ನು ನೋಡಿ. ಮಚಾನಿನ ಕೆಳಗೆ ಬಂದ ಹುಲಿ ಹಾಗೆ ಗರ್ಜಿಸುತ್ತ ಬಂದದ್ದು ಎಷ್ಟು ಸಲವೋ ಕಾಣೆ. ಬಹುಪಾಲು ಅದು ಕಟ್ಟಿದ ಕೋಣನ ಕಡೆಗೆ ಸದ್ದಿಲ್ಲದೆ ನಡೆದು ಬಂದಿರಬೇಕು. ಹೊಡೆದವನ ಧೈರ್ಯಕ್ಕೆ ಸಾಕ್ಷಿ ಬೇಕಾಗಿತ್ತು, ಸತ್ತದ್ದು ಕೋಪಿಸಿಕೊಳ್ಳಬೇಕಾಯಿತು. ಕಿವಿಯವರೆಗೆ ಸತ್ಯವಾಗಿ ಬಂದ ಕೆಲಸ ತುಟಿಯಲ್ಲಿ ತಪ್ಪಿತು. ವಿಸ್ಕಾನ್ಸಿನ್ನಿನ ಆ ಮನುಷ್ಯ ಗರ್ಜಿಸುವ ಕರಡಿ ಮಾಡಿಕೊಡುವುದಿಲ್ಲವಂತೆ; ಅದರಿಂದ ಗಿರಾಕಿಗಳು ತಪ್ಪಿದ್ದೂ ಉಂಟಂತೆ. ಆದರೆ ಅವರು ತಮ್ಮ ಅಂಗಡಿಗೆ ತಾವೇ ಯಜಮಾನರು. ದಿನಗೂಲಿಗೆ ತೊಗಲು ಹೆರೆದವನನ್ನು ತುಟಿ ಹೇಗಿರಬೇಕೆಂದು ಯಾರು ಕೇಳಿಯಾರು?

ನಮ್ಮ ಸಮಾಜದ ವಿಚಾರವಂತೂ ಇನ್ನೂ ವಿಚಿತ್ರ. ಕೊಂದವನ ಪಟ ದಿವಾನಖಾನೆಯಲ್ಲಿ. ಕೊಂದದ್ದನ್ನು ಕೊಳೆಯದಂತೆ ಕಾಪಾಡುವ ಕೈ ಊರ ಹೊರಗೆ. ತೊಗಲು ಮುಟ್ಟಿದವನಿಗೆ ಮೈಲಿಗೆ, ತೊಗಲಿನ ಮೇಲೆ ಕೂತು ಜಪ ಮಾಡುವವನಿಗೆ ಮಡಿ. ಮೈಲಿಗೆ ಎಂಬುದು ನಿಜವಾಗಿ ಇದ್ದದ್ದೇ ಆದರೆ ಅದು ಬಂದೂಕಿನ ಕುದುರೆಯ ಮೇಲಿದ್ದ ಬೆರಳಿಗೆ ಅಂಟಬೇಕಿತ್ತು.

ಹಾಗಾದರೆ ಆಮೇಲಿನ ಕಾಳಜಿಯಿಂದ ಕೊಂದದ್ದು ತೀರುತ್ತದೆಯೆ? ಕಾರ್ಲ್ ಏಕ್ಲಿ ಎಂಬ ಅಮೆರಿಕದವರು ಈ ಕಲೆಗೆ ಹೊಸ ದಾರಿ ತೋರಿಸಿದವರು. ಅವರು 1921ರಲ್ಲಿ ಕಾಂಗೋದ ಬೆಟ್ಟಗಳಲ್ಲಿ ವಸ್ತುಸಂಗ್ರಹಾಲಯಕ್ಕಾಗಿ ಗೊರಿಲ್ಲಾಗಳನ್ನು ಹೊಡೆದರು. ಹೊಡೆದ ಮುಖಗಳನ್ನು ಹತ್ತಿರದಿಂದ ನೋಡಿದ ಮನುಷ್ಯ, ಇವುಗಳಿಗೆ ರಕ್ಷಣೆ ಬೇಕೆಂದು ಬೆಲ್ಜಿಯಂ ದೊರೆಯ ಮುಂದೆ ವಾದಿಸಿದರು. 1925ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಅದೇ ಬೆಟ್ಟದಲ್ಲಿ ಅವರು ತೀರಿಕೊಂಡರು. ಇದನ್ನು ಪ್ರಾಯಶ್ಚಿತ್ತವೆಂದು ಹೊಗಳುವವರ ಜೊತೆಗೆ ನಾನು ಸೇರಲಾರೆ: ಅಂದು ಬಿದ್ದ ಗೊರಿಲ್ಲಾಗಳು ಇಂದಿಗೂ ನ್ಯೂಯಾರ್ಕಿನ ಗಾಜಿನ ಹಿಂದೆ ನಿಂತಿವೆ, ಅವುಗಳ ಸಾಲ ತೀರಿಲ್ಲ. ಆದರೂ ಗಮನವಿಟ್ಟು ನೋಡಿದ್ದು ಒಬ್ಬನ ಮನಸ್ಸನ್ನಾದರೂ ತಿರುಗಿಸಿತೆಂಬುದನ್ನು ಅಲ್ಲಗಳೆಯಲಾರೆ. ಅಷ್ಟೇ ಗಮನವಿಟ್ಟ ಇನ್ನೂ ಸಾವಿರ ಕೈಗಳು ಏನೂ ಬದಲಾಗದೆ ಮನೆಗೆ ಹೋದವೆಂಬುದೂ ನಿಜ.

ನಮ್ಮಲ್ಲಿ 1972ರ ವನ್ಯಜೀವಿ ಕಾನೂನು ಬಂದಮೇಲೆ ಬೇಟೆಯ ಹುಲಿ ಬರುವುದು ನಿಂತಿತು. ಮುಂಬೈಯ ಬೋರಿವಲಿಯ ಉದ್ಯಾನದಲ್ಲಿ 2009ರಲ್ಲಿ ಈ ಕಸುಬಿಗೊಂದು ಕೇಂದ್ರ ತೆರೆಯಿತು. ಅಲ್ಲಿಗೆ ಹೋಗುವುದು ಗುಂಡಿಗೆ ಬಿದ್ದ ಪ್ರಾಣಿಗಳಲ್ಲ, ತಾವಾಗಿ ಸತ್ತವು. ವಯಸ್ಸಾಗಿ ಸತ್ತ ಹುಲಿಯ ತುಟಿಯನ್ನು ಹೇಗೆ ಕೂರಿಸಬೇಕೆಂದು ಅಪ್ಪಣೆ ಕೊಡಲು ಅಲ್ಲಿ ಯಾವ ದೊರೆಯೂ ಇಲ್ಲ, ಹೆರೆಯುವವನೇ ಯೋಚಿಸಬೇಕು.