ಕಳೆದುಹೋದ ಬೆಕ್ಕನ್ನು ಎಷ್ಟು ದಿನ ಹುಡುಕಬೇಕು?

ನಿಮ್ಮ ಮನೆಯ ಬೆಕ್ಕು ಒಂದು ದಿನ ಕಾಣೆಯಾಯಿತು ಎಂದಿಟ್ಟುಕೊಳ್ಳಿ. ನೀವು ಏನು ಮಾಡುವಿರಿ? ಸಂಜೆಯವರೆಗೆ ಕಾಯುವಿರಿ. ಮಕ್ಕಳು ಅಳತೊಡಗಿದರೆ ಬೀದಿಯ ತುದಿಯವರೆಗೆ ಹೋಗಿ ಒಂದೆರಡು ಸಲ ಕರೆದು ಬರುವಿರಿ. ಮರುದಿನ, "ಬೆಕ್ಕಲ್ಲವೇ, ಬಂದರೆ ಬಂದೀತು, ಇಲ್ಲದಿದ್ದರೆ ಇನ್ನೊಂದನ್ನು ತರೋಣ" ಎಂದು ಮಕ್ಕಳನ್ನು ಸಮಾಧಾನಪಡಿಸುವಿರಿ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇಷ್ಟೇ. ನಾನೂ ಇಷ್ಟನ್ನೇ ಮಾಡುತ್ತಿದ್ದೆ. ಹಾಗೆ ಮಾಡುವುದರಲ್ಲಿ ತಪ್ಪೇನಾದರೂ ಇದೆಯೇ ಎಂಬ ಪ್ರಶ್ನೆ ನನ್ನನ್ನು ಕಾಡಿದ್ದು ಕಳೆದ ಮಳೆಗಾಲದಲ್ಲಿ, ಬೆಂಗಳೂರಿನ ಪಟ್ಟಂದೂರು ಅಗ್ರಹಾರದಲ್ಲಿ.

ನನ್ನ ತಂಗಿಯ ಮನೆ ಇರುವುದು ಅಲ್ಲಿ, ಬಹುಮಹಡಿ ಕಟ್ಟಡವೊಂದರ ನಾಲ್ಕನೆಯ ಅಂತಸ್ತಿನಲ್ಲಿ. ಹೆಸರಿಗೆ ಅಗ್ರಹಾರವಾದರೂ ಆ ಊರಿನಲ್ಲಿ ಈಗ ನಾಡಿನ ಎಲ್ಲ ಕಡೆಯ ಜನರಿದ್ದಾರೆ. ಹಿಂದೆ ಹೊಲ ಮತ್ತು ಕೆರೆಯಿದ್ದ ಹಳ್ಳಿಯ ಪಕ್ಕದಲ್ಲಿ 1990ರ ದಶಕದಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಎದ್ದಿತು. 2023ರ ಮಾರ್ಚ್‌ನಲ್ಲಿ ಮೆಟ್ರೋ ರೈಲು ಬಂತು, ಆ ಊರಿನ ಹೆಸರಿನಲ್ಲೇ ಒಂದು ನಿಲ್ದಾಣವೂ ಆಯಿತು. ಹಳ್ಳಿಯ ಹಳೆಯ ಓಣಿ, ನೌಕರರ ಪಿ.ಜಿ.ಗಳು, ಅಪಾರ್ಟ್‌ಮೆಂಟುಗಳು, ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳು, ಎಲ್ಲವೂ ಒಂದರ ಮಗ್ಗುಲಲ್ಲಿ ಒಂದಿವೆ. ಒಂದೇ ಗೋಡೆಯ ಆಚೀಚೆ ವಾಸಿಸುವವರು ಪರಸ್ಪರರ ಮುಖ ನೋಡಿರುವುದಿಲ್ಲ.

ಒಂದು ಮಧ್ಯಾಹ್ನ ಗ್ಯಾಸ್ ಸಿಲಿಂಡರ್ ತಂದವನಿಗಾಗಿ ಬಾಗಿಲು ತೆರೆದಿಟ್ಟಾಗ ಅವರ ಬೂದು ಬಣ್ಣದ ಬೆಕ್ಕು ಹೊರಗೆ ಹೋಯಿತು. ಮೂರು ವರ್ಷದ ಆ ಬೆಕ್ಕು ಅದುವರೆಗೆ ಮಣ್ಣನ್ನು ಮುಟ್ಟಿರಲಿಲ್ಲ. ನಾನು ಕೆಲಸದ ನಿಮಿತ್ತ ಆ ದಿನಗಳಲ್ಲಿ ಅಲ್ಲಿಯೇ ಉಳಿದಿದ್ದೆ. ಮರುದಿನ ಭಾವ ಎಲ್ಲರಂತೆ, ಇನ್ನೊಂದನ್ನು ತರೋಣ ಎಂದರು. ಹನ್ನೆರಡು ವರ್ಷದ ನನ್ನ ಸೊಸೆ ತಂದೆಗೆ ಉತ್ತರ ಕೊಡಲಿಲ್ಲ. ನನ್ನ ಬಳಿ ಬಂದು, "ಮಾಮ, ಅದಕ್ಕೆ ಮೆಟ್ಟಿಲಿಳಿದ ಮೇಲೆ ಎಲ್ಲಿಗೆ ಹೋಗಬೇಕೆಂದೇ ಗೊತ್ತಿಲ್ಲ. ಅದು ಏನು ತಿನ್ನುತ್ತದೆ?" ಎಂದು ಕೇಳಿದಳು.

ಓದುಗ ಸಹೋದರ ಸಹೋದರಿಯರೇ, ಅವಳ ಪ್ರಶ್ನೆಯನ್ನು ಗಮನಿಸಿ. ಭಾವ ಯೋಚಿಸಿದ್ದು ಮನೆಯಲ್ಲಿ ಖಾಲಿಯಾದ ಜಾಗದ ಬಗ್ಗೆ. ಅವಳು ಯೋಚಿಸಿದ್ದು ಹೊರಗೆ ಹೋದ ಜೀವದ ಬಗ್ಗೆ. ಇನ್ನೊಂದು ಬೆಕ್ಕನ್ನು ತಂದರೆ ಆ ಜಾಗ ತುಂಬೀತು. ಆ ಜೀವದ ಹಸಿವು ಅದರಿಂದ ನೀಗುವುದೇ?

ಕಳೆದುಹೋದ ಪ್ರಾಣಿಗಳ ವಿಚಾರ ಪ್ರವಾದಿ(ಸ)ಯವರ ಮುಂದೆಯೂ ಬಂದಿತ್ತು. ಹ. ಝೈದ್ ಬಿನ್ ಖಾಲಿದ್ ಅಲ್‌ಜುಹನಿ(ರ) ವರದಿ ಮಾಡಿದ ಆ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಬಿದ್ದು ಸಿಕ್ಕಿದ ವಸ್ತುವಿನ ಬಗ್ಗೆ ಒಬ್ಬರು ಕೇಳಿದಾಗ, ಅದರ ಚೀಲವನ್ನೂ ಅದನ್ನು ಕಟ್ಟಿದ ದಾರವನ್ನೂ ಚೆನ್ನಾಗಿ ಗುರುತಿಟ್ಟುಕೊಂಡು ಒಂದು ವರ್ಷ ಕಾಲ ಸಾರಬೇಕೆಂದು ಪ್ರವಾದಿ(ಸ) ತಿಳಿಸಿದರು. ತಪ್ಪಿಸಿಕೊಂಡ ಆಡು ಕುರಿಯಾದರೆ ಅದನ್ನು ಹಿಡಿದಿಟ್ಟುಕೊಳ್ಳಬಹುದು. ಏಕೆಂದರೆ ಹಾಗೆ ಬಿಟ್ಟರೆ ಅದು ತೋಳದ ಪಾಲಾಗುವುದು. ಒಂಟೆಯ ಬಗ್ಗೆ ಕೇಳಿದಾಗ ಮಾತ್ರ ಅವರ ಮುಖ ಕೋಪದಿಂದ ಕೆಂಪಾಯಿತು. ಒಂಟೆಗೆ ನಡೆಯಲು ಕಾಲುಗಳಿವೆ, ನೀರು ಹಿಡಿದಿಡುವ ಹೊಟ್ಟೆಯಿದೆ. ಮಾಲಿಕನು ಬರುವವರೆಗೆ ಅದು ಮರದೆಲೆ ತಿಂದು ಬದುಕಬಲ್ಲದು. ಅದನ್ನು ಮುಟ್ಟಬಾರದು ಎಂಬುದು ಅವರ ಉತ್ತರದ ತಾತ್ಪರ್ಯ.

ಹಾಗಾದರೆ ಬೆಕ್ಕು ಯಾವ ಗುಂಪಿಗೆ ಸೇರಿದ್ದು? ಕುರಿಯ ಗುಂಪಿಗೋ ಒಂಟೆಯ ಗುಂಪಿಗೋ?

ನಮ್ಮ ಅಜ್ಜಿಯ ಮನೆಯ ಬೆಕ್ಕು ನಿಸ್ಸಂದೇಹವಾಗಿ ಒಂಟೆಯ ಗುಂಪಿನದು. ಅದು ಮೂರು ದಿನ ಕಾಣದಿದ್ದರೂ ಯಾರೂ ಹುಡುಕುತ್ತಿರಲಿಲ್ಲ. ಹಟ್ಟಿಯಲ್ಲಿ ಇಲಿಗಳಿದ್ದವು, ಮೀನು ಕೊಯ್ಯುವಾಗ ನೆರೆಮನೆಯಲ್ಲೂ ಅದಕ್ಕೊಂದು ಪಾಲಿತ್ತು. ಅದು ತನ್ನ ಇಷ್ಟದಂತೆ ಬಂದು ಹೋಗುತ್ತಿತ್ತು. ಹ. ಅಬೂ ಕತಾದ(ರ)ರು ತಮ್ಮ ವುಝೂವಿನ ಪಾತ್ರೆಯನ್ನು ಬೆಕ್ಕಿಗಾಗಿ ಬಾಗಿಸಿ ಹಿಡಿದು, ಬೆಕ್ಕುಗಳು ಅಶುದ್ಧವಲ್ಲ, ಅವು ನಮ್ಮ ನಡುವೆ ಸುತ್ತಾಡಿಕೊಂಡಿರುವವು ಎಂದು ಪ್ರವಾದಿ(ಸ)ಯವರು ಹೇಳಿದ್ದನ್ನು ತಿಳಿಸಿದ ಘಟನೆ ನಿಮಗೆ ಗೊತ್ತಿರಬಹುದು. ಅಲ್ಲಿ ಹೇಳಿದ್ದು ಸುತ್ತಾಡುವ ಬೆಕ್ಕಿನ ಬಗ್ಗೆ. ನಾಲ್ಕನೆಯ ಅಂತಸ್ತಿನ ಬೆಕ್ಕು ಎಲ್ಲಿ ಸುತ್ತಾಡೀತು? ಅದಕ್ಕೆ ಇಲಿ ಹಿಡಿಯಲು ಗೊತ್ತಿಲ್ಲ, ಬೀದಿ ನಾಯಿಯನ್ನು ಅದು ಕಂಡಿಲ್ಲ, ಪೊಟ್ಟಣದ ಆಹಾರವಲ್ಲದೆ ಬೇರೆಯದನ್ನು ಮೂಸಿಲ್ಲ. ಒಂಟೆಯಾಗಿದ್ದುದನ್ನು ಕುರಿ ಮಾಡಿದವರು ನಾವು.

ಬೆಕ್ಕನ್ನು ಕಟ್ಟಿಹಾಕಿದ ಕಾರಣಕ್ಕೆ ನರಕಕ್ಕೆ ಹೋದ ಸ್ತ್ರೀಯ ಹದೀಸನ್ನು ನಾವೆಲ್ಲರೂ ಮದ್ರಸದಲ್ಲಿ ಕೇಳಿದ್ದೇವೆ. ಅದರಲ್ಲಿ ಅವಳ ಮೇಲೆ ಹೊರಿಸಿದ ಅಪರಾಧ ಎರಡು ತುಂಡುಗಳಲ್ಲಿದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅವಳು ಅದಕ್ಕೆ ಉಣಿಸಲಿಲ್ಲ, ನೆಲದ ಮೇಲಿನ ಹುಳಹುಪ್ಪಟೆಗಳನ್ನು ತಿಂದುಕೊಳ್ಳಲು ಬಿಡಲೂ ಇಲ್ಲ. ಎರಡರಲ್ಲಿ ಒಂದನ್ನು ಮಾಡಿದ್ದರೂ ಸಾಕಿತ್ತು. ಬೆಕ್ಕಿಗೆ ಎರಡು ದಾರಿಗಳಿರುತ್ತವೆ: ನಮ್ಮ ಕೈ ಅಥವಾ ಅದರ ಸ್ವಂತ ಕಾಲು. ಸ್ವಂತ ಕಾಲಿನ ದಾರಿಯನ್ನು ಮೂರು ವರ್ಷ ಮುಚ್ಚಿಟ್ಟವರು, ಅದು ಬಾಗಿಲು ದಾಟಿದ ದಿನ, "ಇನ್ನು ಅದರ ದಾರಿ ಅದಕ್ಕೆ" ಎಂದು ಹೇಳುವುದು ಹೇಗೆ? ಬೆಕ್ಕನ್ನು ಮನೆಯೊಳಗೆ ಇಟ್ಟು ಸಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಗರದಲ್ಲಿ ಅದು ಬೆಕ್ಕಿನ ಪ್ರಾಣರಕ್ಷಣೆಗೂ ಅಗತ್ಯ. ಆದರೆ ಹಾಗೆ ಸಾಕಿದವರ ಹೊಣೆ ಹೊಸ್ತಿಲಿನಲ್ಲಿ ಮುಗಿಯುವುದಿಲ್ಲ. ಮನೆ ಬದಲಾಯಿಸುವಾಗ ಬೆಕ್ಕನ್ನು ಬೀದಿಯಲ್ಲಿ ಬಿಟ್ಟು ಹೋಗುವವರ ಬಗ್ಗೆಯಂತೂ ಹೇಳುವುದೇ ಬೇಡ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾನೂನಿನ ಪ್ರಕಾರವೂ ಅಪರಾಧ.

ನಾವು ಹುಡುಕಲು ಇಳಿದೆವು. ಎರಡು ದಿನ ಹುಡುಕಿದ್ದು ಸರಿಯಾದ ಕ್ರಮದಲ್ಲಿ ಅಲ್ಲವೆಂದು ನಂತರ ತಿಳಿಯಿತು. ನಾವು ಹಗಲಲ್ಲಿ, ದೂರದ ಬೀದಿಗಳಲ್ಲಿ, ಗಟ್ಟಿಯಾಗಿ ಕರೆಯುತ್ತಾ ಅಲೆದೆವು. ಆಸ್ಟ್ರೇಲಿಯಾದ ಸಂಶೋಧಕರು 1210 ಕಾಣೆಯಾದ ಬೆಕ್ಕುಗಳ ಬಗ್ಗೆ ಮಾಹಿತಿ ಸಂಗ್ರಹಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಸಿಕ್ಕಿದ ಬೆಕ್ಕುಗಳಲ್ಲಿ ಶೇ. 75ರಷ್ಟು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಮೂರರಲ್ಲೊಂದು ಪಾಲು ಬೆಕ್ಕುಗಳು ಏಳು ದಿನಗಳಲ್ಲಿ ಸಿಕ್ಕಿದವು. ಒಂದು ವರ್ಷದೊಳಗೆ ಸಿಕ್ಕಿದವು ಶೇ. 61. ಹೆದರಿದ ಬೆಕ್ಕು ಒಡೆಯನ ಧ್ವನಿಗೂ ಉತ್ತರಿಸುವುದಿಲ್ಲ. ಪೈಪುಗಳ ಸಂದಿಯಲ್ಲೋ ನಿಲ್ಲಿಸಿದ ಕಾರಿನ ಅಡಿಯಲ್ಲೋ ಉಸಿರು ಬಿಗಿಹಿಡಿದು ಕೂತಿರುತ್ತದೆ. ಜನಸಂಚಾರ ನಿಂತ ಮೇಲೆ ಟಾರ್ಚ್ ಹಿಡಿದು ಹೋದರೆ ಕಣ್ಣುಗಳು ಹೊಳೆದು ಕಾಣುತ್ತವೆ. ಮಳೆಗಾಲದಲ್ಲಿ ಬಿಸಿಗಾಗಿ ಇಂಜಿನ್ನಿನ ಸಂದಿಗೂ ಏರುವುದುಂಟು. ಆದ್ದರಿಂದ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಬಾನೆಟ್ಟನ್ನು ಒಮ್ಮೆ ತಟ್ಟುವ ಅಭ್ಯಾಸ ನಿಮಗೂ ಇರಲಿ.

ಸೊಸೆಗೆ ಇನ್ನೊಂದು ಉಪಾಯ ಹೊಳೆಯಿತು. ಮಸೀದಿಯ ಧ್ವನಿವರ್ಧಕದಲ್ಲಿ ಹೇಳಿಸಿದರೆ ಒಂದೇ ಸಲಕ್ಕೆ ಎಲ್ಲರಿಗೂ ತಿಳಿಯುವುದಲ್ಲವೇ? ನಾನು ಅಸ್ರ್ ನಂತರ ಇಮಾಮ್ ಸಾಹೇಬರಲ್ಲಿ ವಿಷಯ ತಿಳಿಸಿದೆ. ಕಳೆದುಹೋದುದನ್ನು ಮಸೀದಿಯಲ್ಲಿ ಸಾರುವುದನ್ನು ಪ್ರವಾದಿ(ಸ) ತಡೆದಿದ್ದಾರೆ, ಮಸೀದಿಗಳನ್ನು ಕಟ್ಟಿದ್ದು ಅದಕ್ಕಾಗಿ ಅಲ್ಲ ಎಂದು ಅವರು ನೆನಪಿಸಿದರು. ನನಗೆ ಮುಜುಗರವಾಯಿತು. ಆದರೆ ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹೊರಗೆ ಬಂದು, ರಸ್ತೆಯಲ್ಲಿ ನಿಂತು, ಹೊರಬರುತ್ತಿದ್ದ ಒಬ್ಬೊಬ್ಬರಿಗೂ ತಾವೇ ಬೆಕ್ಕಿನ ಬಣ್ಣ ಹೇಳಿದರು. ಕೆಲವರು ನಕ್ಕರು. ಮಗುವೊಂದು ಸಾಕಿದ್ದ ಪುಟ್ಟ ಹಕ್ಕಿ ಸತ್ತಾಗ ಅಬೂ ಉಮೈರ್ ಎಂದು ಅವನನ್ನು ಕರೆದು ಹಕ್ಕಿಯ ಬಗ್ಗೆ ವಿಚಾರಿಸಲು ಪ್ರವಾದಿ(ಸ)ಯವರಿಗೆ ಸಮಯವಿತ್ತು ಎಂಬುದು ನಕ್ಕವರಿಗೆ ನೆನಪಾಗಲಿಲ್ಲವೋ ಏನೋ.

ಮನೆ ಮನೆ ಬಾಗಿಲು ತಟ್ಟುವಾಗ ಕುರ್‌ಆನ್‌ನ ಶಿಷ್ಟಾಚಾರವೇ ನಮಗೆ ದಾರಿಯಾಯಿತು: ಅನುಮತಿಯಿಲ್ಲದೆ ಒಳಗೆ ಕಾಲಿಡಬಾರದು, ಹಿಂದಿರುಗಿರಿ ಎಂದರೆ ಹಿಂದಿರುಗಬೇಕು. ನಮ್ಮ ಬೆಕ್ಕು ಕಳೆದುಹೋಯಿತೆಂದು ಇನ್ನೊಬ್ಬರ ಬಾಲ್ಕನಿಯಲ್ಲಿ ಇಣುಕುವ ಹಕ್ಕು ನಮಗೆ ಬರುವುದಿಲ್ಲ. ನಾಲ್ಕು ವರ್ಷಗಳಿಂದ ಆ ಕಟ್ಟಡದಲ್ಲಿರುವ ನನ್ನ ತಂಗಿ ಆ ಸಂಜೆ ಮೊದಲ ಬಾರಿಗೆ ಎದುರು ಮನೆಯಾಕೆಯ ಹೆಸರು ಕೇಳಿದಳು.

ಐದನೆಯ ದಿನ ಮಾತು ಬೇರೆ ಕಡೆಗೆ ಹೊರಳಿತು. "ಶೆಡ್ಡಿನವರು ಹಿಡಿದಿರಬೇಕು" ಎಂದರು ಲಿಫ್ಟಿನಲ್ಲಿ ಸಿಕ್ಕವರೊಬ್ಬರು. ತಂಗಿ ಹೌದೆಂದಳು. ನಾನು ಇಲ್ಲವೆನ್ನಲಿಲ್ಲ. ಪ್ರತಿಯೊಂದು ಗೇಟಿಗೂ ಹೋಗಿ ಭಾವಚಿತ್ರದ ಚೀಟಿ ಅಂಟಿಸಿದ ನಾವು ಹಿಂಬದಿಯ ಶೆಡ್ಡುಗಳ ಕಡೆಗೆ ಮಾತ್ರ ಹೋಗಲಿಲ್ಲ. ಹೋಗಿ ಕೇಳಿದ್ದರೆ ಅದು ವಿಚಾರಣೆಯಾಗುತ್ತಿತ್ತು. ಕೇಳದೆ ಬಿಟ್ಟದ್ದರಿಂದ ಅದು ಆರೋಪವಾಯಿತು. ಸಂದೇಹಗಳಿಂದ ದೂರವಿರಿ ಎಂಬ ಅಲ್‌ಹುಜುರಾತ್ ಅಧ್ಯಾಯದ ಆದೇಶವನ್ನು ನಾನು ಎಷ್ಟೋ ಸಭೆಗಳಲ್ಲಿ ವಿವರಿಸಿದ್ದೇನೆ. ಒಂದು ಬೆಕ್ಕು ಕಳೆದುಹೋದಾಗ ಅದು ನನ್ನ ನಾಲಿಗೆಯ ಮೇಲೆ ಬರಲಿಲ್ಲ.

ಒಂಬತ್ತನೆಯ ರಾತ್ರಿ ಕಾವಲುಗಾರ ಕರೆ ಮಾಡಿ, ಯಾರೋ ಬಂದಿದ್ದಾರೆಂದು ತಿಳಿಸಿದ. ಕೆಳಗಿಳಿದು ನೋಡಿದರೆ, ಗೇಟಿನ ಹೊರಗೆ ಮಳೆಯಲ್ಲಿ ಒಬ್ಬಾಕೆ ನಿಂತಿದ್ದಳು. ಸೆರಗಿನೊಳಗೆ ಬೂದು ಬಣ್ಣದ ಬೆಕ್ಕು, ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿ. ಯಾದಗಿರಿ ಕಡೆಯವರು, ಹಿಂಬದಿಯ ಶೆಡ್ಡಿನವರು. "ಓದಾಕ ಬರಂಗಿಲ್ರೀ ಅಕ್ಕಾರ. ಕಂಬದ ಮ್ಯಾಲಿನ ಚಿತ್ರ ನಮ್ಮ ಹುಡುಗಿ ನೋಡ್ಯಾಳ. ಇದು ನಿಮ್ಮ ಬೆಕ್ಕೇ ಏನ್ ನೋಡ್ರಿ" ಎಂದಳು ತಂಗಿಗೆ.

ಅದು ನಮ್ಮ ಬೆಕ್ಕಾಗಿರಲಿಲ್ಲ.

ತಂಗಿಗೆ ಮಾತು ಹೊರಡಲಿಲ್ಲ. ನಾನು ಹಣ ತೆಗೆದೆ. ಆಕೆ ಕೈಯನ್ನು ಹಿಂದಕ್ಕೆಳೆದುಕೊಂಡಳು. ನಿಮ್ಮ ಮೇಲೆ ಸಂದೇಹಪಟ್ಟಿದ್ದೆವು ಎಂದು ಹೇಳಿ ಕ್ಷಮೆ ಕೇಳಬೇಕೇ, ಅಥವಾ ಆಕೆಗೆ ಗೊತ್ತೇ ಇಲ್ಲದ ನೋವನ್ನು ಹೊಸದಾಗಿ ಕೊಡಬಾರದೇ? ಆ ಕ್ಷಣದಲ್ಲಿ ನನಗೆ ತೋಚಲಿಲ್ಲ. ಮರುದಿನ ತಂಗಿ ಶೆಡ್ಡಿಗೆ ಹೋಗಿ ಕುಳಿತು ಚಹಾ ಕುಡಿದು ಬಂದಳು. ಲಿಫ್ಟಿನಲ್ಲಿ ಆ ಮಾತನ್ನು ಹೇಳಿದವರ ಮನೆಗೂ ಹೋಗಿ ನಡೆದುದನ್ನು ತಿಳಿಸಿದಳು. ಆಕೆ ಮಾಡಿದ್ದೇ ಸರಿಯೆಂದು ನನಗನಿಸುತ್ತದೆ. ಆರೋಪ ಯಾರ ಕಿವಿಗೆ ಬಿದ್ದಿತ್ತೋ ಅದನ್ನು ಅಲ್ಲಿಂದಲೇ ಹಿಂದಕ್ಕೆ ತೆಗೆಯಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಎಷ್ಟು ದಿನ ಹುಡುಕಬೇಕು? ನಾನು ಫತ್ವಾ ಕೊಡುವವನಲ್ಲ. ಅಲ್ಪ ಬೆಲೆಯ ವಸ್ತುಗಳಿಗೆ ಒಂದು ವರ್ಷದ ಸಾರಣೆ ಬೇಕಿಲ್ಲವೆಂದು ಹೇಳಿದ ವಿದ್ವಾಂಸರೂ ಇದ್ದಾರೆ. ಆದರೂ ಯೋಚಿಸಿ ನೋಡಿ. ದಾರಿಯಲ್ಲಿ ಯಾರದೋ ಚೀಲ ಸಿಕ್ಕಿದವನಿಗೆ ಅದರೊಂದಿಗೆ ಯಾವ ಸಂಬಂಧವೂ ಇಲ್ಲ. ಅಂಥವನ ಮೇಲೆ ಒಂದು ವರ್ಷದ ಹೊಣೆಯಿದೆ. ಹೀಗಿರುವಾಗ, ತಾನೇ ಸಾಕಿ, ತಾನೇ ಕುರಿ ಮಾಡಿ, ತಾನೇ ಬಾಗಿಲು ತೆರೆದಿಟ್ಟು ಕಳೆದುಕೊಂಡವನ ಹೊಣೆ ಎರಡು ದಿನಗಳಲ್ಲಿ ಮುಗಿಯುವುದೆಂದರೆ ಅದು ಯಾವ ನ್ಯಾಯ? ದಿನವೂ ಅಲೆಯಬೇಕೆಂದಲ್ಲ. ದುಡಿಮೆ, ನಮಾಝ್, ಮಕ್ಕಳ ಪಾಠ ಎಲ್ಲವೂ ನಡೆಯಲಿ. ಚೀಟಿ ಹರಿದರೆ ಹೊಸದನ್ನು ಅಂಟಿಸುವುದು, ಕರೆ ಬಂದರೆ ಬೇಸರಿಸದೆ ಹೋಗಿ ನೋಡುವುದು, ಇಷ್ಟಂತೂ ನಮ್ಮಿಂದ ಆಗದ ಕೆಲಸವಲ್ಲ.

ಶೆಡ್ಡಿನಾಕೆ ತಂದ ಬೆಕ್ಕು ಸದ್ಯ ತಂಗಿಯ ಮನೆಯಲ್ಲಿದೆ. ಅದರ ಕುತ್ತಿಗೆಯಲ್ಲಿ ಒಂದು ಮಾಸಿದ ದಾರವಿತ್ತು, ಅಂದರೆ ಅದೂ ಯಾರದೋ ಮನೆಯದು. ಕಳೆದುಕೊಂಡವರಾಗಿದ್ದ ನಾವು ಈಗ ಸಿಕ್ಕಿದವರೂ ಆಗಿದ್ದೇವೆ. ಅದನ್ನೇ ಇಟ್ಟುಕೊಂಡರೆ ಲೆಕ್ಕ ಸರಿಹೋಯಿತಲ್ಲ ಎಂದು ಭಾವ ಮತ್ತೊಮ್ಮೆ ಹೇಳಿದರು. ಸೊಸೆ ಒಪ್ಪಲಿಲ್ಲ. ಕಂಬದ ಮೇಲೆ ಅವಳ ಹಳೆಯ ಚೀಟಿಯ ಕೆಳಗೆ ಈಗ ಇನ್ನೊಂದು ಚೀಟಿಯಿದೆ: ಬೂದು ಬೆಕ್ಕು ಸಿಕ್ಕಿದೆ, ಗುರುತು ಹೇಳಿ ಕೊಂಡೊಯ್ಯಿರಿ. ದಾರದ ಬಣ್ಣವನ್ನು ಅವಳು ಬರೆದಿಲ್ಲ. ಇದುವರೆಗೆ ನಾಲ್ಕು ಕರೆಗಳು ಬಂದಿವೆ. ಯಾರೂ ಅದನ್ನು ಸರಿಯಾಗಿ ಹೇಳಿಲ್ಲ. ಶೆಡ್ಡಿನ ಹುಡುಗಿ ಭಾನುವಾರಗಳಂದು ಬೆಕ್ಕನ್ನು ನೋಡಲು ಬರುತ್ತಾಳೆ. ಹೋಗುವಾಗ ಇಬ್ಬರೂ ಕಂಬದ ತನಕ ಹೋಗಿ, ಎರಡು ಚೀಟಿಗಳೂ ಇವೆಯೇ ಎಂದು ನೋಡುತ್ತಾರೆ.