ಕಾಣದವರಿಗೆ ಕೊಡುವ ದಾನ

ದಾನ ಮಾಡುವವನು ದೇಶ, ಕಾಲ, ಪಾತ್ರ ಮೂರನ್ನೂ ನೋಡಬೇಕೆಂದು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಹೇಳುತ್ತದೆ. ಹಾಗೆ ನೋಡಿ, ಪ್ರತಿಫಲ ಬಯಸದೆ ಕೊಟ್ಟದ್ದು ಸಾತ್ವಿಕ ದಾನ. ನನ್ನ ಕಸುಬಿನಲ್ಲಿ ಮೂರನೆಯದನ್ನು ನೋಡುವ ಅವಕಾಶವೇ ಇಲ್ಲ. ಲಿನಕ್ಸ್ ಓಡುವ ಸಣ್ಣ ಬೋರ್ಡುಗಳಿಗೆ ಡಿವೈಸ್ ಡ್ರೈವರ್, ಅಂದರೆ ಯಂತ್ರಭಾಗವನ್ನು ನಡೆಸುವ ಕೋಡ್, ಬರೆಯುವವನು ನಾನು. ಬರೆದದ್ದನ್ನು ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ಹಂಚಬಹುದು. ಲಿನಕ್ಸಿನ ತಿರುಳಾದ ಕರ್ನಲ್ ಹಂಚಿಕೆಯಾಗುವುದು 1991ರ ಜಿಪಿಎಲ್ ಪರವಾನಗಿಯ ಎರಡನೆಯ ಆವೃತ್ತಿಯ ಅಡಿಯಲ್ಲಿ. ಆ ಪರವಾನಗಿ ಯಾರನ್ನೂ ಬಾಗಿಲಲ್ಲಿ ತಡೆದು ನಿಲ್ಲಿಸುವುದಿಲ್ಲ. ನನ್ನ ಡ್ರೈವರನ್ನು ಯಾವ ಊರಿನಲ್ಲಿ ಯಾರು, ಯಾತಕ್ಕೆ ಬಳಸುತ್ತಾರೋ ನನಗೆ ತಿಳಿಯುವುದೇ ಇಲ್ಲ. ಹೀಗೆ ಪಾತ್ರ ನೋಡದೆ ಕೊಟ್ಟದ್ದನ್ನು ದಾನ ಎನ್ನಬಹುದೇ? ಬೇಡದ್ದನ್ನು ಬೀದಿಗೆ ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಈ ಪ್ರಶ್ನೆ ನನ್ನಲ್ಲಿ ಗಟ್ಟಿಯಾದದ್ದು ಮೊಳಕಾಲ್ಮೂರಿನಲ್ಲಿ, ದೊಡ್ಡಪ್ಪನ ಮನೆಯ ಮಗ್ಗದ ಎದುರು. ನಮ್ಮೂರಿನ ರೇಷ್ಮೆ ಸೀರೆ ಕಂಡವರಿಗೆ ಅದರ ಅಂಚು, ಸೆರಗುಗಳ ಪರಿಚಯವಿರುತ್ತದೆ. ಆ ಹೂಬಳ್ಳಿಗಳು ಏಳುವುದು ಮಗ್ಗದ ಮೇಲಿರುವ ಜಕಾರ್ಡಿನಿಂದ. ಹಳೆಯ ಜಕಾರ್ಡಿನಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ ಸುತ್ತುತ್ತಿತ್ತು. ತೂತು ಇದ್ದಲ್ಲಿ ಕೊಕ್ಕೆ ಏಳುತ್ತದೆ, ಅದರೊಂದಿಗೆ ಹಾಸಿನ ಎಳೆ ಏಳುತ್ತದೆ, ಕೆಳಗೆ ಲಾಳಿ ಹಾಯುತ್ತದೆ. ಡಿಸೈನ್ ಬದಲಿಸಬೇಕೆಂದರೆ ಕಾರ್ಡುಗಳೆಲ್ಲ ಹೊಸದಾಗಬೇಕು. ಅದಕ್ಕಾಗಿ ಕಾರ್ಡಿನ ಜಾಗದಲ್ಲಿ, ಕರೆಂಟು ಹಾಯಿಸಿದರೆ ಎಳೆಯುವ ಸೊಲೆನಾಯ್ಡುಗಳನ್ನು ಕೂರಿಸಿ, ಅವುಗಳಿಗೆ ಒಂದು ಸಣ್ಣ ಬೋರ್ಡಿನಿಂದ ಅಪ್ಪಣೆ ಕೊಡುವ ವ್ಯವಸ್ಥೆ ಮಾಡಿದೆವು. ಡ್ರೈವರ್ ಬರೆಯುವ ಪಾಲು ನನ್ನದು.

ಆ ಡ್ರೈವರಿನಲ್ಲಿ ಒಂದು ಸಾಲಿದೆ: ಕರೆಂಟು ಬಂದ ಮೇಲೆ 20 ಮಿಲಿಸೆಕೆಂಡು ಕಾಯಬೇಕು, ಆಮೇಲೆ ಚಿಪ್ಪಿನ ರಿಜಿಸ್ಟರಿಗೆ ಬರೆಯಬೇಕು. ಚಿಪ್ಪಿನ ಡೇಟಾಶೀಟಿನಲ್ಲಿ ಈ ಮಾತೇ ಇಲ್ಲ. ಆದರೆ ಕಾಯದೆ ಬರೆದರೆ ಕೊನೆಯ ಕೆಲವು ಕೊಕ್ಕೆಗಳು ಮೊದಲ ಸಲ ಏಳುವುದಿಲ್ಲ, ಅಂಚಿನ ಬಳ್ಳಿ ಒಂದು ಎಳೆಯಷ್ಟು ತುಂಡಾಗುತ್ತದೆ. ಮುಂದೆ ಈ ಕೋಡ್ ಓದುವ ಜಾಣನೊಬ್ಬ ‘ಇದು ವೃಥಾ ಕಾಯುವಿಕೆ’ ಎಂದು ಆ ಸಾಲನ್ನು ಅಳಿಸಿಬಿಡುವುದು ಖಂಡಿತ. ಅವನ ತಪ್ಪಲ್ಲ ಅದು. ಅದಕ್ಕೇ ಸಾಲಿನ ಮೇಲೆ ಬರೆದಿಟ್ಟೆ: ಇದು ಡೇಟಾಶೀಟಿನಲ್ಲಿಲ್ಲ, ಮಗ್ಗದ ಮೇಲೆ ನೋಡಿ ಕಂಡುಕೊಂಡದ್ದು, 20ಕ್ಕಿಂತ ಕಡಿಮೆ ಇಟ್ಟರೆ ನೇಯ್ಗೆಯ ಮೊದಲ ಸಾಲು ತಪ್ಪುತ್ತದೆ, ಕಾರಣ ಗೊತ್ತಾಗಿಲ್ಲ.

‘ಕಾರಣ ಗೊತ್ತಾಗಿಲ್ಲ’ ಎಂಬ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ತಿಳಿದದ್ದು ಎಲ್ಲಿಗೆ ಮುಗಿಯಿತೆಂದು ಹೇಳದಿದ್ದರೆ ಓದುವವನು ನನ್ನ ಊಹೆಯನ್ನೂ ಸಿದ್ಧಾಂತವೆಂದು ನಂಬುತ್ತಾನೆ. ಲಿನಕ್ಸ್ ಕರ್ನಲ್ಲಿನಲ್ಲಿ ಡಿವೈಸ್ ಟ್ರೀ ಬೈಂಡಿಂಗ್ ಎಂಬ ದಾಖಲೆಗಳಿವೆ. ಒಂದು ಯಂತ್ರಭಾಗ ಹೇಗೆ ಜೋಡಣೆಯಾಗಿದೆ, ಅದಕ್ಕೆ ಎಷ್ಟು ವೋಲ್ಟೇಜು, ಯಾವ ತಂತಿ ಯಾವ ಪಿನ್ನಿಗೆ ಎಂಬುದನ್ನು ಡಿವೈಸ್ ಟ್ರೀಯಲ್ಲಿ ಹೇಗೆ ಬರೆಯಬೇಕೆಂದು ಅವು ಹೇಳುತ್ತವೆ. ಅದಕ್ಕೊಂದು ಕಟ್ಟುನಿಟ್ಟಾದ ನೇಮವಿದೆ: ವಸ್ತು ಹೇಗಿದೆಯೋ ಹಾಗೆ ಬರೆಯಿರಿ, ನಿಮ್ಮ ಡ್ರೈವರಿಗೆ ಅನುಕೂಲವಾಗುವ ಹಾಗೆ ಬರೆಯಬೇಡಿ. ಬೈಂಡಿಂಗ್ ಬರೆಯದೆ ಹೊಸ ಯಂತ್ರಭಾಗದ ಹೆಸರನ್ನು ಕೋಡಿಗೆ ತಂದರೆ, ಪ್ಯಾಚನ್ನು, ಅಂದರೆ ಕಳಿಸಿದ ತಿದ್ದುಪಡಿಯನ್ನು, ಪರೀಕ್ಷಿಸುವ ಸ್ಕ್ರಿಪ್ಟೇ ಇದಕ್ಕೆ ದಾಖಲೆ ಇಲ್ಲವೆಂದು ಎಚ್ಚರಿಸುತ್ತದೆ. ಸತ್ಯ ನುಡಿಯುವುದೆಂದರೆ ಸುಳ್ಳು ಹೇಳದಿರುವುದು ಎಂದಷ್ಟೇ ತಿಳಿದಿದ್ದ ನನಗೆ, ವಸ್ತುವಿನ ಎದುರು ನನ್ನ ಅನುಕೂಲವನ್ನು ಬದಿಗಿಡುವುದೂ ಸತ್ಯದ ಭಾಗವೆಂದು ಕಲಿಸಿದ್ದು ಈ ನೇಮ.

ಸತ್ಯ ನುಡಿಯಬೇಕೆಂಬ ಮಾತು ನಮ್ಮ ತಾಲ್ಲೂಕಿನ ಬಂಡೆಗಳ ಮೇಲೆ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಇರುವ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬುದು ಅವುಗಳ ಉಪದೇಶ. ಅದು ಹೊರಟದ್ದು ಸುವರ್ಣಗಿರಿಯಿಂದ, ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು, ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ಭಾರತದ ಲಿಪಿ ಅದು.

ಬರೆದವನು ಹೆಸರಿಡಬೇಕೇ, ಬಿಡಬೇಕೇ? ಬಹುಪಾಲು ವಚನಕಾರರು ತಮ್ಮ ಹೆಸರು ಬಿಟ್ಟು ಇಷ್ಟದೈವದ ಅಂಕಿತವಿಟ್ಟರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ. ನಿಷ್ಕಾಮ ಕರ್ಮಕ್ಕೆ ಹೆಸರೇಕೆ ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. ಆದರೆ ಕರ್ನಲ್ಲಿಗೆ ಹೋಗುವ ಪ್ರತಿ ಪ್ಯಾಚಿನ ಕೆಳಗೂ 2004ರಿಂದ ‘ಸೈನ್ಡ್-ಆಫ್-ಬೈ’ ಎಂಬ ಸಾಲು ಇರಲೇಬೇಕು. ಇದನ್ನು ಬರೆದವನು ನಾನು, ಅಥವಾ ಮುಂದಕ್ಕೆ ಕೊಡುವ ಹಕ್ಕು ನನಗಿದೆ ಎಂಬ ಪ್ರಮಾಣ ಅದು. ಪ್ಯಾಚನ್ನು ಕೈಯಿಂದ ಕೈಗೆ ದಾಟಿಸುವ ಪ್ರತಿಯೊಬ್ಬರೂ ತಮ್ಮ ಹೆಸರನ್ನು ಸೇರಿಸುತ್ತಾರೆ. ಅಲ್ಲಿ ಹೆಸರಿಡುವುದು ಕೀರ್ತಿಗಲ್ಲ. ಕೆಟ್ಟರೆ ಕರೆದು ಕೇಳಲಿ ಎಂದು. ಫಲದ ಆಸೆ ಬಿಡುವುದೂ ಹೊಣೆ ಬಿಡುವುದೂ ಒಂದೇ ಎಂದು ಯಾವ ಶಾಸ್ತ್ರವೂ ಹೇಳಿದ್ದನ್ನು ನಾನು ಕೇಳಿಲ್ಲ.

‘ಕೋಡ್ ಬಯಲಲ್ಲಿದೆಯಲ್ಲ, ಓದಿಕೊಳ್ಳಲಿ’ ಎಂದು ಗೆಳೆಯರು ಹೇಳುತ್ತಾರೆ. ಕೋಡ್ ಏನು ಮಾಡುತ್ತದೆ ಎಂಬುದು ಕೋಡಿನಲ್ಲೇ ಇದೆ, ಒಪ್ಪುತ್ತೇನೆ. ಯಾಕೆ ಹಾಗೆ ಮಾಡುತ್ತದೆ, ಏನೇನು ಮಾಡಿ ನೋಡಿ ಕೈಬಿಟ್ಟೆವು ಎಂಬುದು ಅದರಲ್ಲಿ ಇರುವುದಿಲ್ಲ. ದೊಡ್ಡಪ್ಪನ ಮಗ ಮಗ್ಗದ ಕುಣಿಯಲ್ಲಿ ಕೂತೇ ಕೇಳಿದ್ದ: “ಅಣ್ಣಾ, ನೀನು ಬೆಂಗ್ಳೂರಿಗೆ ಹೋದ್ಮೇಲೆ ಇದು ನಿಂತ್ರೆ ನಾನು ಯಾರನ್ನ ಕೇಳ್ಲಿ?” ಓದುವ ಹಕ್ಕನ್ನು ಪರವಾನಗಿ ಅವನಿಗೆ ಆಗಲೇ ಕೊಟ್ಟಿತ್ತು. ಆ ಹಕ್ಕಿನಿಂದ ಅವನಿಗೆ ಏನೂ ಸಿಕ್ಕಿರಲಿಲ್ಲ.

ಅವನಿಗಾಗಿ ಕನ್ನಡದಲ್ಲಿ ಬರೆದೆ. ಯಾವ ದೀಪ ಉರಿದರೆ ಏನರ್ಥ, ಯಾವ ಫೈಲಿನಲ್ಲಿ ಯಾವ ಸಂಖ್ಯೆ, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು, ಎಲ್ಲವನ್ನೂ. ಮುಂದೆ ಸೊಲೆನಾಯ್ಡುಗಳ ಹೊಸ ಸೆಟ್ ಹಾಕಿದಾಗ 20 ಸಾಲದಾಯಿತು. ಅವನೇ ಆ ಸಂಖ್ಯೆಯನ್ನು 30 ಮಾಡಿ, ನನ್ನ ಟಿಪ್ಪಣಿಯ ಕೆಳಗೆ ತಾನು ಕಂಡದ್ದನ್ನು ಬರೆದು, ಹೆಸರು ಹಾಕಿ ಕಳಿಸಿದ. ಪಾತ್ರದ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಲ್ಲಿ. ಪಾತ್ರನನ್ನು ಹುಡುಕಿ ಕೊಡುವುದು ಒಂದು ಬಗೆಯ ದಾನ. ಯಾರ ಕೈಗೆ ಹೋದರೂ ಅವರನ್ನು ಪಾತ್ರರನ್ನಾಗಿ ಮಾಡುವಂತೆ ಕೊಡುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಯೋಗ್ಯತೆಯ ಪರೀಕ್ಷೆ ಕೊಡುವವನಿಗೆ: ಅವನು ಪೂರ್ತಿ ಕೊಟ್ಟನೇ, ಇದ್ದದ್ದು ಇದ್ದಹಾಗೆ ಹೇಳಿದನೇ, ಹೆಸರು ಹಾಕಿ ಹೊಣೆ ಹೊತ್ತನೇ?

ಕರ್ನಲ್ಲಿನ ದಾಖಲೆಗಳಿಗೆ ಚೀನಿ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಅನುವಾದಗಳಿವೆ, ಕನ್ನಡದ್ದು ಆಗಬೇಕಾಗಿದೆ. ಡ್ರೈವರ್ ಬರೆಯುವ ಕನ್ನಡಿಗರು ಬೆಂಗಳೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ನಾವು ಕಲಿತದ್ದು ಬೇರೆಯವರು ಪುಕ್ಕಟೆಯಾಗಿ ಬರೆದಿಟ್ಟದ್ದನ್ನು ಓದಿ. ಋಷಿಋಣವನ್ನು ಓದಿ ತೀರಿಸಬೇಕೆಂದು ಹಿರಿಯರು ಹೇಳಿದ್ದಾರೆ. ನಮ್ಮ ಕಸುಬಿನಲ್ಲಿ ಆ ಋಣ ಓದಿದ್ದರಿಂದಲೇ ಬೆಳೆದಿದೆ, ಬರೆದೇ ತೀರಿಸಬೇಕು.